ಹಲವು ಕಾಳಿನ ಸಲಾಡ್: ನೆನೆಸುವುದರಿಂದ ಬಡಿಸುವವರೆಗೆ

ನಾಲ್ಕು ಬಗೆಯ ಕಾಳನ್ನು ಒಟ್ಟಿಗೆ ಕುಕ್ಕರಿಗೆ ಸುರಿದು ಐದು ಕೂಗು ಕೂಗಿಸಿದರೆ ಏನಾಗುತ್ತದೆ? ಹೆಸರುಕಾಳು ಕರಗಿ ತಳ ಸೇರಿರುತ್ತದೆ. ಅಲಸಂದೆ ಒಡೆದು ಗೊಜ್ಜಾಗಿರುತ್ತದೆ. ಕಾಬೂಲಿ ಕಡಲೆ ಪರವಾಗಿಲ್ಲ ಅನ್ನಿಸುತ್ತದೆ. ರಾಜ್ಮಾ ಮಾತ್ರ ಅಲ್ಲೊಂದು ಇಲ್ಲೊಂದು ಹಲ್ಲಿಗೆ ಗಟ್ಟಿಯಾಗಿ ಸಿಗುತ್ತದೆ. ಇದಕ್ಕೆ ಎಷ್ಟೇ ನಿಂಬೆಹಣ್ಣು ಹಿಂಡಿ, ಎಷ್ಟೇ ಕೊತ್ತಂಬರಿ ಸೊಪ್ಪು ಉದುರಿಸಿ, ಸಲಾಡ್ ಆಗುವುದಿಲ್ಲ. ಮಸಾಲೆ ರುಬ್ಬಿ ಸಾರಿಗೆ ಹಾಕಿಕೊಳ್ಳಬಹುದು, ಅಷ್ಟೆ.

ಕಾಳಿನ ಸಲಾಡ್ ಚೆನ್ನಾಗಿ ಬರುತ್ತದೋ ಇಲ್ಲವೋ ಅನ್ನುವುದು ಕಲಸುವ ಹೊತ್ತಿಗಾಗಲೇ ತೀರ್ಮಾನವಾಗಿ ಹೋಗಿರುತ್ತದೆ. ಹಿಂದಿನ ರಾತ್ರಿ ಹೇಗೆ ನೆನೆಸಿದಿರಿ, ಯಾವ ಕಾಳನ್ನು ಎಷ್ಟು ಬೇಯಿಸಿದಿರಿ, ಉಪ್ಪು ಯಾವಾಗ ಬಿತ್ತು, ಹುಳಿ ಯಾವಾಗ ಬಿತ್ತು, ಎಲ್ಲ ಇಷ್ಟರಲ್ಲೇ ಇದೆ. ಅದಕ್ಕೇ ಇಲ್ಲಿ ಮೇಲಿನ ಅಲಂಕಾರಕ್ಕಿಂತ ನೆನೆಸುವುದಕ್ಕೆ, ಬೇಯಿಸುವುದಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಸಲಾಡ್ ಅಂದಾಕ್ಷಣ ಹೊರಗಿನದು ಅಂತ ದೂರ ಇಡಬೇಕಿಲ್ಲ. ರಾಮನವಮಿಗೆ ಪಾನಕದ ಜೊತೆ ಮಾಡುವ ಹೆಸರುಬೇಳೆ ಕೋಸಂಬರಿ, ದಸರೆಯಲ್ಲಿ ಗೊಂಬೆ ನೋಡಲು ಬಂದವರಿಗೆ ಕೊಡುವ ಕಡಲೆಕಾಳು ಉಸ್ಲಿ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ ಪಕ್ಕ ಬರುವ ಮೊಳಕೆ ಮಡಕಿಕಾಳು, ಹಸಿ ಮೆಂತ್ಯೆ ಸೊಪ್ಪು, ಉಳ್ಳಾಗಡ್ಡಿ, ಇವೆಲ್ಲ ಇದೇ ಜಾತಿಯವು. ಈ ರುಚಿ ಗೊತ್ತಿರುವ ನಾಲಿಗೆಗೆ ಹಲವು ಕಾಳಿನ ಸಲಾಡ್ ಸುಲಭವಾಗಿ ಒಗ್ಗುತ್ತದೆ.

ಕಾಳು ಆರಿಸುವುದು

ಮೂರು ಬಗೆಯ ಕಾಳು ಸಾಕು. ಐದಾರು ಬಗೆ ಹಾಕಿದರೆ ನೋಡಲು ಚೆಂದ, ಆದರೆ ಯಾವುದರ ರುಚಿಯೂ ಗೊತ್ತಾಗುವುದಿಲ್ಲ. ಬೇಯಿಸುವ ಕೆಲಸವೂ ಸುಮ್ನೆ ಜಾಸ್ತಿ ಆಗುತ್ತದೆ.

ಒಂದು ದೊಡ್ಡ ಕಾಳು, ಒಂದು ಮಧ್ಯಮ, ಒಂದು ಸಣ್ಣದು ಇರಲಿ. ಬಣ್ಣವೂ ಬೇರೆ ಬೇರೆ ಇರಲಿ. ನನಗೆ ಎಲ್ಲಕ್ಕಿಂತ ಇಷ್ಟವಾದ ಜೋಡಣೆ ಕೆಂಪು ರಾಜ್ಮಾ, ಕಾಬೂಲಿ ಕಡಲೆ, ಬಿಳಿ ಅಲಸಂದೆ. ರಾಜ್ಮಾ ಬೆಣ್ಣೆಯಂತೆ ಮೆತ್ತಗೆ, ಕಡಲೆಯಲ್ಲಿ ಒಂದು ಹಿಟ್ಟಿನ ರುಚಿ, ಅಲಸಂದೆಯಲ್ಲಿ ಮಣ್ಣಿನ ಘಮ. ರಾಜ್ಮಾ ಬೇಡ ಅನ್ನುವವರು ಕರಿ ಕಡಲೆ, ಒಣ ಹಸಿರು ಬಟಾಣಿ, ಹೆಸರುಕಾಳು ತೆಗೆದುಕೊಳ್ಳಬಹುದು. ಹುರುಳಿಕಾಳನ್ನು ಮಾತ್ರ ನಾನು ಬೇರೆಯದರ ಜೊತೆ ಸೇರಿಸುವುದಿಲ್ಲ. ಅದರ ರುಚಿ ಉಳಿದವನ್ನೆಲ್ಲ ಮುಚ್ಚಿಬಿಡುತ್ತದೆ. ಹುರುಳಿ ತಿನ್ನಬೇಕು ಅನ್ನಿಸಿದರೆ ಅದನ್ನೇ ಮೊಳಕೆ ಕಟ್ಟಿ, ಬೇಯಿಸಿ, ತೆಂಗಿನಕಾಯಿ ತುರಿ ಹಾಕಿ ತಿನ್ನಿ.

ಕಾಳು ಹೊಸದಿರಬೇಕು. ಇದು ದೊಡ್ಡ ವಿಷಯ. ಸೆಕೆ, ತೇವ ಇರುವ ಕಡೆ ಬಹಳ ದಿನ ಇಟ್ಟ ಕಾಳು ಒಳಗೇ ಗಟ್ಟಿಯಾಗುತ್ತದೆ. ಅದನ್ನು ರಾತ್ರಿಯಿಡೀ ನೆನೆಸಿ, ಗಂಟೆಗಟ್ಟಲೆ ಬೇಯಿಸಿದರೂ ಮೆತ್ತಗಾಗುವುದಿಲ್ಲ. ಅಂಗಡಿಯಲ್ಲಿ ಕಾಳನ್ನು ಕೈಗೆ ತೆಗೆದುಕೊಂಡು ನೋಡಿ. ಸಿಪ್ಪೆಗೆ ಹೊಳಪಿದೆಯಾ? ಸುಕ್ಕು, ಬಿರುಕು, ತೂತು ಇವೆಯಾ? ರಾಜ್ಮಾ ಬಣ್ಣ ತೀರಾ ಕಪ್ಪಾಗಿದ್ದರೆ ಹಳೆಯದು ಇರಬಹುದು. ವ್ಯಾಪಾರ ಚೆನ್ನಾಗಿರುವ ಅಂಗಡಿಯಲ್ಲಿ, ಒಂದೆರಡು ತಿಂಗಳಿಗೆ ಆಗುವಷ್ಟೇ ತನ್ನಿ. ಮನೆಯ ಡಬ್ಬಿಯಲ್ಲಿ ಹಳೆಯದರ ಮೇಲೆ ಹೊಸದನ್ನು ಸುರಿಯಬೇಡಿ. ಎರಡೂ ಬೇರೆ ಬೇರೆ ಹೊತ್ತಿಗೆ ಬೇಯುತ್ತವೆ, ಆಮೇಲೆ ಬೇರೆ ಮಾಡುವುದಕ್ಕೂ ಆಗುವುದಿಲ್ಲ.

ಅಳತೆ ಹೀಗಿಟ್ಟುಕೊಳ್ಳಿ: ಒಂದು ಕಪ್ ಒಣಕಾಳು ಬೆಂದ ಮೇಲೆ ಎರಡೂವರೆ ಕಪ್‌ನಷ್ಟಾಗುತ್ತದೆ, ಕೆಲವು ಮೂರರ ಹತ್ತಿರ ಬರುತ್ತವೆ. ನಾಲ್ಕು ಜನಕ್ಕೆ ಹೊಟ್ಟೆ ತುಂಬುವ ಸಲಾಡ್ ಬೇಕಿದ್ದರೆ ಮೂರು ಬಗೆಯನ್ನೂ ಅರ್ಧರ್ಧ ಕಪ್ ತೆಗೆದುಕೊಂಡರೆ ಸರಿಹೋಗುತ್ತದೆ. ಊಟದ ಜೊತೆ ನೆಂಚಿಕೊಳ್ಳುವುದಕ್ಕೆ ಮಾತ್ರ ಅಂದರೆ ಅದರ ಅರ್ಧ ಸಾಕು.

ನೆನೆಸುವುದು

ಕಲ್ಲು, ಕಸ ಆರಿಸಿ, ಎರಡು ಮೂರು ಸಲ ತೊಳೆಯಿರಿ. ಪ್ರತಿ ಕಾಳಿಗೂ ಬೇರೆ ಪಾತ್ರೆ ಇಡಿ. ನೀರು ಕಾಳಿನ ಮೂರು ಪಟ್ಟು ಇರಲಿ. ಕಡಿಮೆ ಹಾಕಿದರೆ ಮೇಲಿನ ಕಾಳು ಬೆಳಗ್ಗೆ ನೀರಿನಿಂದ ಹೊರಗೆ ಇರುತ್ತವೆ, ಒಂದೇ ಪಾತ್ರೆಯಲ್ಲಿ ಅರ್ಧ ನೆಂದಿದ್ದು ಅರ್ಧ ನೆನೆಯದ್ದು.

ರಾಜ್ಮಾ, ಕಾಬೂಲಿ ಕಡಲೆ, ಕರಿ ಕಡಲೆ, ಒಣ ಬಟಾಣಿ, ಒಣ ಅವರೆಕಾಳು ಇವಕ್ಕೆ 8ರಿಂದ 10 ಗಂಟೆ ಬೇಕು. ಅಲಸಂದೆ, ಹೆಸರುಕಾಳಿಗೆ 4ರಿಂದ 6 ಗಂಟೆ ಸಾಕು. ಕೋಸಂಬರಿಗೆ ಹಾಕುವ ಹೆಸರುಬೇಳೆ ಒಂದು ಗಂಟೆಯಲ್ಲಿ ನೆನೆಯುತ್ತದೆ. ನೆಂದಿದೆಯಾ ಅಂತ ನೋಡಲು ಒಂದು ಕಾಳನ್ನು ಉಗುರಿನಿಂದ ಎರಡು ಹೋಳು ಮಾಡಿ. ಹೋಳಿನ ನಡುವೆ ಒಣಗಿದ ಬಿಳಿ ಗುಳಿ ಕಾಣಿಸಿದರೆ ಇನ್ನೂ ಹೊತ್ತು ಬೇಕು. ಅಂಚಿನಿಂದ ನಡುವಿನವರೆಗೆ ಬಣ್ಣ ಒಂದೇ ಥರ ಇದ್ದರೆ ಆಯಿತು.

ನೆನೆಸುವ ನೀರಿಗೆ ಉಪ್ಪು ಹಾಕಿ. ಒಂದು ಲೀಟರ್ ನೀರಿಗೆ ಒಂದು ದೊಡ್ಡ ಚಮಚ. ಉಪ್ಪು ಹಾಕಿದರೆ ಕಾಳು ಬೇಯುವುದಿಲ್ಲ ಅಂತ ಎಷ್ಟೋ ಮನೆಗಳಲ್ಲಿ ಹೇಳುತ್ತಾರೆ. ಹಾಗಿಲ್ಲ. ಕಾಳಿನ ಸಿಪ್ಪೆಯಲ್ಲಿ ಪೆಕ್ಟಿನ್ ಅನ್ನುವ ಅಂಶ ಇದೆ, ಅದನ್ನು ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಬಿಗಿಯಾಗಿ ಹಿಡಿದಿಟ್ಟಿರುತ್ತವೆ. ಉಪ್ಪಿನ ಸೋಡಿಯಂ ಅವುಗಳ ಜಾಗಕ್ಕೆ ಬಂದು ಆ ಹಿಡಿತ ಸಡಿಲ ಮಾಡುತ್ತದೆ. ಸಿಪ್ಪೆ ಮೆತ್ತಗಾಗುತ್ತದೆ, ಬೇಯುವಾಗ ಒಡೆಯುವುದು ಕಡಿಮೆಯಾಗುತ್ತದೆ. ಕಾಳು ಇಡಿಯಾಗಿ ಉಳಿಯಬೇಕಾದ ಸಲಾಡಿಗೆ ಇದಕ್ಕಿಂತ ಇನ್ನೇನು ಬೇಕು?

ಕಾಳು ಬೇಯದಿರಲು ನಿಜವಾದ ಕಾರಣ ಬಹಳ ಸಲ ಬೋರ್‌ವೆಲ್ ನೀರು. ನಮ್ಮ ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ಕೊಳವೆಬಾವಿಯ ನೀರು ಗಡಸು. ಪಾತ್ರೆಯ ತಳಕ್ಕೆ, ಗೀಸರಿನ ಒಳಗೆ ಬಿಳಿ ಪದರ ಕಟ್ಟುತ್ತದಲ್ಲ, ಅದೇ ಕ್ಯಾಲ್ಸಿಯಂ ಕಾಳಿನ ಸಿಪ್ಪೆಯನ್ನೂ ಗಟ್ಟಿ ಮಾಡುತ್ತದೆ. ಅಂಥ ಕಡೆ ಫಿಲ್ಟರ್ ನೀರಿನಲ್ಲಿ ನೆನೆಸಿ, ಅದರಲ್ಲೇ ಬೇಯಿಸಿ. ಅದೂ ಆಗದಿದ್ದರೆ ನೆನೆಸುವ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಬಹುದು. ಚಿಟಿಕೆ ಅಂದರೆ ಚಿಟಿಕೆಯೇ. ಜಾಸ್ತಿಯಾದರೆ ಸೋಪಿನ ವಾಸನೆ ಬರುತ್ತದೆ, ಕಾಳು ಲೊಳಲೊಳ ಆಗುತ್ತದೆ.

ಬೇಸಿಗೆಯಲ್ಲಿ ಹುಷಾರು. ಏಪ್ರಿಲ್, ಮೇ ತಿಂಗಳಲ್ಲಿ ರಾತ್ರಿಯಿಡೀ ಹೊರಗಿಟ್ಟ ನೀರು ಬೆಳಗ್ಗೆ ನೊರೆ ಬಂದು ಹುಳಿ ವಾಸನೆ ಹೊಡೆಯುತ್ತದೆ. ಆಗ ಪಾತ್ರೆಯನ್ನು ಫ್ರಿಜ್‌ನಲ್ಲಿಡಿ, ಎರಡು ಗಂಟೆ ಜಾಸ್ತಿ ಬಿಡಿ.

ರಾತ್ರಿ ನೆನೆಸಲು ಮರೆತರೆ? ನೀರು ಕುದಿಸಿ, ಕಾಳು ಹಾಕಿ, ಎರಡು ನಿಮಿಷ ಕುದಿಯಲು ಬಿಟ್ಟು ಒಲೆ ಆರಿಸಿ, ಮುಚ್ಚಿ ಒಂದು ಗಂಟೆ ಇಡಿ. ಕಡಲೆಗೆ, ಅಲಸಂದೆಗೆ ಇದು ನಡೆಯುತ್ತದೆ. ರಾಜ್ಮಾಗೆ ಬೇಡ, ಅದನ್ನು ಪೂರ್ತಿ ಹೊತ್ತು ನೆನೆಸಿಯೇ ಬೇಯಿಸಿ. ಕಾರಣ ಮುಂದೆ ಇದೆ.

ನೆನೆಸಿದ ನೀರನ್ನು ಚೆಲ್ಲಿ, ಕಾಳನ್ನು ಮತ್ತೆ ತೊಳೆಯಿರಿ. ಕಾಳು ತಿಂದರೆ ಹೊಟ್ಟೆ ಉಬ್ಬರ ಅನ್ನುವವರಿಗೆ ಇದು ಮುಖ್ಯ. ಕಾಳಿನಲ್ಲಿ ರಾಫಿನೋಸ್, ಸ್ಟಾಕಿಯೋಸ್ ಅನ್ನುವ ಸಕ್ಕರೆಗಳಿವೆ. ಅವನ್ನು ಒಡೆಯುವ ಕಿಣ್ವ ನಮ್ಮ ಸಣ್ಣ ಕರುಳಿನಲ್ಲಿ ಇಲ್ಲ. ಅವು ಹಾಗೇ ದೊಡ್ಡ ಕರುಳಿಗೆ ಹೋಗಿ, ಅಲ್ಲಿನ ಬ್ಯಾಕ್ಟೀರಿಯಾಗಳ ಬಾಯಿಗೆ ಬಿದ್ದು ಗ್ಯಾಸ್ ಆಗುತ್ತದೆ. ಈ ಸಕ್ಕರೆಗಳಲ್ಲಿ ಒಂದು ಪಾಲು ನೆನೆಸಿದ ನೀರಿನ ಜೊತೆ ಹೊರಗೆ ಹೋಗುತ್ತದೆ.

ಬೇಯಿಸುವುದು

ಪ್ರತಿ ಕಾಳನ್ನೂ ಬೇರೆಯಾಗಿ ಬೇಯಿಸಬೇಕು. ಇದೊಂದನ್ನು ಬಿಟ್ಟುಕೊಡಬೇಡಿ. ಬೇಯುವ ಹೊತ್ತು ಬೇರೆ ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ ಬಣ್ಣ. ರಾಜ್ಮಾ, ಕರಿ ಕಡಲೆ ಜೊತೆ ಬೆಂದ ಬಿಳಿ ಕಾಳೆಲ್ಲ ಮಂಕು ಕಂದು ಬಣ್ಣಕ್ಕೆ ತಿರುಗುತ್ತದೆ.

ಕುಕ್ಕರಿನಲ್ಲಿ ಕೂಗು ಎಣಿಸುವುದಕ್ಕಿಂತ ಗಡಿಯಾರ ನೋಡುವುದು ವಾಸಿ. ಒಂದೊಂದು ಕುಕ್ಕರ್ ಒಂದೊಂದು ಥರ ಕೂಗುತ್ತದೆ, ಉರಿ ಜಾಸ್ತಿಯಿದ್ದರೆ ಐದು ಕೂಗು ಸರಸರ ಮುಗಿದುಹೋಗುತ್ತದೆ, ಕಾಳು ಮಾತ್ರ ಬೆಂದಿರುವುದಿಲ್ಲ. ಮೊದಲ ಕೂಗು ದೊಡ್ಡ ಉರಿಯಲ್ಲಿ ಬರಲಿ. ಆಮೇಲೆ ಉರಿ ಸಣ್ಣ ಮಾಡಿ ಹೊತ್ತು ನೋಡಿ. ನೆಂದ ರಾಜ್ಮಾಗೆ 12ರಿಂದ 15 ನಿಮಿಷ. ಕಾಬೂಲಿ ಕಡಲೆಗೂ ಸುಮಾರು ಅಷ್ಟೇ. ಕರಿ ಕಡಲೆಗೆ 15ರಿಂದ 20. ಒಣ ಬಟಾಣಿಗೆ 6ರಿಂದ 8. ಕಾಳಿನ ಮೇಲೆ ಎರಡು ಬೆರಳು ನೀರು ನಿಲ್ಲಬೇಕು, ಒಂದು ಕಪ್ ಕಾಳಿಗೆ ಅರ್ಧ ಚಮಚ ಉಪ್ಪು ಹಾಕಬೇಕು. ಕುಕ್ಕರಿನ ಒತ್ತಡ ತಾನಾಗಿ ಇಳಿಯಲಿ. ವೆಯಿಟ್ ಎತ್ತಿ ಹಬೆ ಬಿಟ್ಟರೆ ಒಳಗಿನ ನೀರು ಒಮ್ಮೆಲೇ ಕುದಿದು ಕಾಳುಗಳ ಸಿಪ್ಪೆ ಸಿಡಿಯುತ್ತದೆ.

ಅಲಸಂದೆ, ಹೆಸರುಕಾಳನ್ನು ತೆರೆದ ಪಾತ್ರೆಯಲ್ಲೇ ಬೇಯಿಸಿ. ಅಲಸಂದೆಗೆ 20ರಿಂದ 25 ನಿಮಿಷ, ಹೆಸರುಕಾಳಿಗೆ 10ರಿಂದ 15. ನೀರು ಕುಣಿಯುವ ಹಾಗೆ ಕುದಿಸಬೇಡಿ, ಸಣ್ಣಗೆ ಕುದಿಯುತ್ತಿರಲಿ. ಹತ್ತು ನಿಮಿಷ ಆದ ಮೇಲೆ ಎರಡು ನಿಮಿಷಕ್ಕೊಮ್ಮೆ ಒಂದು ಕಾಳು ತೆಗೆದು ಒತ್ತಿ ನೋಡಿ. ಹೆಬ್ಬೆರಳು, ತೋರುಬೆರಳಿನ ನಡುವೆ ಇಟ್ಟು ಮೆಲ್ಲಗೆ ಒತ್ತಿದರೆ ಜಜ್ಜಿಹೋಗಬೇಕು, ಆದರೆ ಪಾತ್ರೆಯಲ್ಲಿ ಅದರ ಆಕಾರ ಕೆಟ್ಟಿರಬಾರದು. ಒಂದೇ ಕಾಳು ನೋಡಿ ನಿಲ್ಲಿಸಬೇಡಿ. ಬೇರೆ ಬೇರೆ ಕಡೆಯಿಂದ ನಾಲ್ಕೈದು ತೆಗೆದು ತಿನ್ನಿ.

ಬೇಯುವಾಗ ಹುಳಿ ಹಾಕಬಾರದು. ಟೊಮೆಟೊ, ಹುಣಸೆಹಣ್ಣು, ನಿಂಬೆರಸ, ಮಾವಿನಕಾಯಿ ಯಾವುದೂ ಬೇಡ. “ಹುಳಿ ಆಮೇಲೆ ಹಾಕಮ್ಮ, ಇಲ್ಲಾಂದ್ರೆ ಕಾಳು ಬೇಯಲ್ಲ” ಅಂತ ಹಿರಿಯರು ಹೇಳುವುದು ಪೂರಾ ಸರಿ. ಹುಳಿಯಲ್ಲಿ ಪೆಕ್ಟಿನ್ ಕರಗುವುದು ನಿಧಾನ, ಸಿಪ್ಪೆ ತೊಗಲಿನ ಹಾಗೆ ಉಳಿದುಬಿಡುತ್ತದೆ.

ಬೆಂದ ಕೂಡಲೇ ನೀರು ಬಸಿಯಬೇಡಿ. ಬಿಸಿ ಕಾಳಿಗೆ ಗಾಳಿ ತಾಗಿದರೆ ಸಿಪ್ಪೆ ಒಣಗಿ ಬಿರಿಯುತ್ತದೆ. ಹತ್ತು ಹದಿನೈದು ನಿಮಿಷ ಅದೇ ನೀರಿನಲ್ಲಿ ಬಿಡಿ, ಕೈಗೆ ತಾಳುವಷ್ಟು ಬಿಸಿ ಇರುವಾಗ ತೂತಿನ ಪಾತ್ರೆಗೆ ಬಸಿಯಿರಿ. ಬಸಿದ ಕಟ್ಟನ್ನು ಚೆಲ್ಲಬೇಡಿ. ಅಲಸಂದೆ, ಕಡಲೆ, ಹೆಸರುಕಾಳಿನ ಕಟ್ಟಿನಿಂದ ಮಧ್ಯಾಹ್ನಕ್ಕೆ ಬಸ್ಸಾರು ಮಾಡಿ. ಮುದ್ದೆಗೂ ಆಯಿತು, ಅನ್ನಕ್ಕೂ ಆಯಿತು.

ರಾಜ್ಮಾ ಬಗ್ಗೆ ಒಂದು ಎಚ್ಚರಿಕೆ

ಹಸಿ ರಾಜ್ಮಾದಲ್ಲಿ ಫೈಟೊಹಿಮಾಗ್ಲುಟಿನಿನ್ ಅನ್ನುವ ವಿಷದ ಅಂಶ ಇದೆ. ಬೇರೆ ಕಾಳುಗಳಲ್ಲೂ ಈ ಜಾತಿಯ ಅಂಶ ಇರುತ್ತದೆ, ಆದರೆ ಕೆಂಪು ರಾಜ್ಮಾದಲ್ಲಿ ಬಹಳ ಜಾಸ್ತಿ. ನಾಲ್ಕೈದು ಹಸಿ ಕಾಳು ತಿಂದರೂ ಸಾಕು, ಕೆಲವೇ ಗಂಟೆಗಳಲ್ಲಿ ಹೊಟ್ಟೆ ತೊಳೆಸಿ, ವಾಂತಿ, ಭೇದಿ ಶುರುವಾಗಬಹುದು. ಅರ್ಧಂಬರ್ಧ ಬೆಂದ ರಾಜ್ಮಾ ಹಸಿ ರಾಜ್ಮಾಗಿಂತಲೂ ಕೆಟ್ಟದ್ದು. ಸುಮಾರು 80 ಡಿಗ್ರಿಯ ಬಿಸಿಯಲ್ಲಿ ಈ ವಿಷ ಹೋಗುವುದಿಲ್ಲ, ಅದರ ಪ್ರಭಾವ ಏರುತ್ತದೆ.

ಪರಿಹಾರ ಸುಲಭ. ಕಡಿಮೆ ಅಂದರೂ 5 ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ ಚೆನ್ನಾಗಿ ಕುದಿಸಿ. 100 ಡಿಗ್ರಿಯಲ್ಲಿ 10 ನಿಮಿಷ ಕುದಿದರೆ ಈ ವಿಷ ನಾಶವಾಗುತ್ತದೆ. ಇನ್ನೂ ಗ್ಯಾರಂಟಿಗೆ ಅರ್ಧ ಗಂಟೆ ಕುದಿಸಿ ಅಂತ ಅಮೆರಿಕದ ಆಹಾರ ಇಲಾಖೆ ಹೇಳುತ್ತದೆ. ಕುಕ್ಕರಿನೊಳಗಿನ ಬಿಸಿ ಇದಕ್ಕಿಂತ ಮೇಲೆಯೇ ಇರುವುದರಿಂದ ನಮ್ಮ ಮನೆಗಳಲ್ಲಿ ಭಯ ಇಲ್ಲ. ತೊಂದರೆ ಇರುವುದು ಸ್ಲೋ ಕುಕ್ಕರಿನಲ್ಲಿ. ವಿದೇಶದಲ್ಲಿರುವ ನಮ್ಮವರು ಬೆಳಗ್ಗೆ ಕಾಳು ಹಾಕಿ ಕೆಲಸಕ್ಕೆ ಹೋಗುವ ಪಾತ್ರೆ ಅದು. ಅದರ ಬಿಸಿ ಕುದಿಯುವ ಮಟ್ಟಕ್ಕೆ ಹೋಗದೇ ಇರಬಹುದು. ರಾಜ್ಮಾವನ್ನು ಮೊದಲು ಒಲೆಯ ಮೇಲೆ ಕುದಿಸಿ, ಆಮೇಲೆ ಬೇಕಿದ್ದರೆ ಅದಕ್ಕೆ ಹಾಕಿ. ಡಬ್ಬಿಯಲ್ಲಿ ಸಿಗುವ ರಾಜ್ಮಾ ಆಗಲೇ ಬೆಂದಿರುತ್ತದೆ. ನೀರು ಬಸಿದು, ಚೆನ್ನಾಗಿ ತೊಳೆದು ಬಳಸಿದರೆ ಸಾಕು. ಉಪ್ಪು ಅದರಲ್ಲೇ ಇರುವುದರಿಂದ ಮತ್ತೆ ಹಾಕುವಾಗ ರುಚಿ ನೋಡಿಕೊಳ್ಳಿ.

ರಾಜ್ಮಾ ಮೊಳಕೆ ಕಟ್ಟಿ ಹಸಿಯಾಗಿ ತಿನ್ನುವುದಂತೂ ಬೇಡವೇ ಬೇಡ.

ಮೊಳಕೆಕಾಳು ಹಾಕುವುದಾದರೆ

ಹೆಸರುಕಾಳು, ಮಡಕಿಕಾಳು ಮೊಳಕೆಗೆ ಬಹಳ ಚೆನ್ನ. ಎಂಟು ಗಂಟೆ ನೆನೆಸಿ, ನೀರು ಪೂರ್ತಿ ಬಸಿದು, ಒದ್ದೆ ಹತ್ತಿ ಬಟ್ಟೆಯಲ್ಲಿ ಕಟ್ಟಿ, ಪಾತ್ರೆಯಲ್ಲಿ ಮುಚ್ಚಿಡಿ. ಮೊಳಕೆಗೆ ಇಡುವ ಕಾಳನ್ನು ಉಪ್ಪುನೀರಿನಲ್ಲಿ ನೆನೆಸಬಾರದು, ಬರೀ ನೀರು ಸಾಕು. ದಿನಕ್ಕೆ ಎರಡು ಸಲ ಬಿಚ್ಚಿ, ತೊಳೆದು, ನೀರು ಬಸಿದು ಮತ್ತೆ ಕಟ್ಟಿ. ಸೆಕೆಗಾಲದಲ್ಲಿ ಒಂದೇ ದಿನಕ್ಕೆ ಮೊಳಕೆ ಬರುತ್ತದೆ, ಚಳಿಗಾಲದಲ್ಲಿ ಎರಡು ದಿನ ಬೇಕಾಗಬಹುದು. ಅರ್ಧ ಇಂಚಿಗಿಂತ ಉದ್ದ ಬಿಡಬೇಡಿ, ಕಹಿ ಬರುತ್ತದೆ.

ಹಸಿ ಮೊಳಕೆಯನ್ನು ಹಾಗೇ ತಿನ್ನುವುದು ನಮ್ಮಲ್ಲಿ ರೂಢಿ. ಆದರೂ ನಾನು ಹಬೆಯಲ್ಲಿ ಬೇಯಿಸಿ ಎಂದೇ ಹೇಳುತ್ತೇನೆ. ಮೊಳಕೆಗೆ ಬೇಕಾದ ಬೆಚ್ಚಗಿನ ತೇವವೇ ಬ್ಯಾಕ್ಟೀರಿಯಾಗಳಿಗೂ ಬೇಕು. ಬೀಜದ ಬಿರುಕಿನಲ್ಲಿ ಕೂತಿರುವುದು ತೊಳೆದರೆ ಹೋಗುವುದಿಲ್ಲ. 2011ರಲ್ಲಿ ಜರ್ಮನಿಯಲ್ಲಿ ಮೆಂತ್ಯೆ ಮೊಳಕೆಯಿಂದ ಹರಡಿದ ಇ. ಕೋಲಿ ಸೋಂಕಿನಿಂದ ಸಾವಿರಾರು ಜನ ಹಾಸಿಗೆ ಹಿಡಿದರು, 50ಕ್ಕೂ ಹೆಚ್ಚು ಜನ ತೀರಿಕೊಂಡರು. ಬಸುರಿಯರು, ಸಣ್ಣ ಮಕ್ಕಳು, ವಯಸ್ಸಾದವರು ಇರುವ ಮನೆಯಲ್ಲಿ ಹಸಿ ಮೊಳಕೆ ಬೇಡ. ಇಡ್ಲಿ ಪಾತ್ರೆಯಲ್ಲಿ ಐದಾರು ನಿಮಿಷ ಹಬೆ ಕೊಡಿ. ಕಾಳಿನ ಒಳಗಿನವರೆಗೂ ಬಿಸಿ ತಾಗುತ್ತದೆ, ಕಚ್ಚಿದರೆ ಸದ್ದು ಬರುವಷ್ಟು ಗರಿಯೂ ಉಳಿದಿರುತ್ತದೆ.

ಹಸಿ ಕಾಳು, ಹಸಿ ಬೀನ್ಸ್

ಸಲಾಡ್ ತಾಜಾ ಅನ್ನಿಸುವುದಕ್ಕೆ ಒಣಕಾಳಿನ ಜೊತೆ ಒಂದು ಹಸಿರು ಇರಬೇಕು. ವರ್ಷವಿಡೀ ಸಿಗುವುದು ಬೀನ್ಸ್. ನಾರು ತೆಗೆದು, ಒಂದು ಇಂಚಿನ ತುಂಡು ಮಾಡಿ, ಉಪ್ಪು ಹಾಕಿದ ಕುದಿಯುವ ನೀರಿನಲ್ಲಿ ಮೂರು ನಾಲ್ಕು ನಿಮಿಷ ಬೇಯಿಸಿ, ತಕ್ಷಣ ತಣ್ಣೀರಿಗೆ ಹಾಕಿ. ಮುಚ್ಚಳ ಮುಚ್ಚಬೇಡಿ. ಹಸಿರು ಹಾಗೇ ಉಳಿಯುತ್ತದೆ.

ಡಿಸೆಂಬರ್, ಜನವರಿ ಬಂತೆಂದರೆ ಬೀನ್ಸ್ ಯಾಕೆ, ಅವರೆಕಾಯಿ ತನ್ನಿ. ಬೆಂಗಳೂರು, ಮಾಗಡಿ, ಕೋಲಾರ, ಹೊಸಕೋಟೆ ಕಡೆಯ ಸಂತೆಗಳಲ್ಲಿ ರಾಶಿ ರಾಶಿ ಇರುತ್ತದೆ. ಕೈಗೆ ಅಂಟುವ, ಘಮ್ಮೆನ್ನುವ ಸೊಗಡಿನ ಕಾಯಿ ಆರಿಸಿ. ಆ ವಾಸನೆ ಸಿಪ್ಪೆಯ ಮೇಲಿನ ಎಣ್ಣೆಯಂಥ ಅಂಶದಿಂದ ಬರುವುದು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯ ಬೆಳೆಸಿದ ಹೆಬ್ಬಾಳ ಅವರೆ ತಳಿಗಳಿಂದಾಗಿ ಈಗ ಬೇರೆ ತಿಂಗಳಲ್ಲೂ ಅವರೆಕಾಯಿ ಸಿಗುತ್ತದೆ, ಒಳ್ಳೆಯದೇ. ಆದರೆ ಚಳಿಗಾಲದ ನಾಟಿ ಕಾಯಿಯ ಸೊಗಡೇ ಬೇರೆ. ಸುಲಿದ ಕಾಳನ್ನು ಉಪ್ಪುನೀರಿನಲ್ಲಿ 12ರಿಂದ 15 ನಿಮಿಷ ಬೇಯಿಸಿ. ಅವರೆಕಾಳನ್ನು ಹಸಿಯಾಗಿ ತಿನ್ನಬಾರದು. ಸೊಗಡವರೆ ಹಾಕಿದ ದಿನ ಈರುಳ್ಳಿ, ಬೆಳ್ಳುಳ್ಳಿ, ಮಸಾಲೆ ಪುಡಿ ಏನೂ ಹಾಕಬೇಡಿ. ತೆಂಗಿನಕಾಯಿ ತುರಿ, ಹಸಿಮೆಣಸಿನಕಾಯಿ, ನಿಂಬೆರಸ, ಉಪ್ಪು ಇಷ್ಟೇ ಸಾಕು. ಇದೇ ಸಮಯದಲ್ಲಿ ಹಸಿ ತೊಗರಿಕಾಯಿ, ಬಟಾಣಿಯೂ ಬರುತ್ತವೆ. ಹಸಿ ಅವರೆ, ತೊಗರಿ, ಬಟಾಣಿ ಮೂರನ್ನೇ ಸೇರಿಸಿ ಮಾಡಿದ ಸಲಾಡಿನ ಮುಂದೆ ಒಣಕಾಳಿನದು ಸ್ವಲ್ಪ ಸಪ್ಪೆಯೇ.

ಉಪ್ಪು, ಹುಳಿ, ಎಣ್ಣೆ

ಕಾಳು ಬೆಚ್ಚಗಿರುವಾಗಲೇ ಉಪ್ಪು, ಹುಳಿ, ಎಣ್ಣೆ ಬೆರೆಸಿ. ಬೆಚ್ಚಗಿನ ಕಾಳು ರಸವನ್ನು ಒಳಗೆ ಎಳೆದುಕೊಳ್ಳುತ್ತದೆ. ತಣ್ಣಗಾದ ಮೇಲೆ ಹಾಕಿದ್ದು ಮೇಲೆ ಮೇಲೆ ಅಂಟಿರುತ್ತದೆ, ತಟ್ಟೆಯ ತಳದಲ್ಲಿ ನೀರಾಗಿ ನಿಲ್ಲುತ್ತದೆ. ಬೆಂದ ಕಾಳು ನಾಲ್ಕು ಕಪ್ ಇದ್ದರೆ ಮೂರು ದೊಡ್ಡ ಚಮಚ ನಿಂಬೆರಸ, ಎರಡು ದೊಡ್ಡ ಚಮಚ ಎಣ್ಣೆ, ಮುಕ್ಕಾಲು ಚಮಚ ಉಪ್ಪು. ಹುಳಿ ಸ್ವಲ್ಪ ಮುಂದೆ ಇದೆ ಅನ್ನಿಸುವ ಹಾಗಿರಲಿ. ಕಾಳು ಹುಳಿಯನ್ನು ಕುಡಿದುಬಿಡುತ್ತದೆ, ಅರ್ಧ ಗಂಟೆ ಬಿಟ್ಟು ತಿಂದರೆ ಹದವಾಗಿರುತ್ತದೆ. ನಿಂಬೆಹಣ್ಣಿನಿಂದ ಇನ್ನೊಂದು ಲಾಭವೂ ಇದೆ. ಅದರಲ್ಲಿರುವ ಸಿ ವಿಟಮಿನ್ನಿನಿಂದ ಕಾಳಿನ ಕಬ್ಬಿಣದ ಅಂಶ ದೇಹಕ್ಕೆ ಚೆನ್ನಾಗಿ ಹತ್ತುತ್ತದೆ.

ಇದನ್ನೇ ನಮ್ಮ ರುಚಿಗೆ ತಿರುಗಿಸುವ ಎರಡು ದಾರಿ ಹೇಳುತ್ತೇನೆ.

ಒಂದು, ಒಗ್ಗರಣೆ. ಎರಡು ದೊಡ್ಡ ಚಮಚ ಕೊಬ್ಬರಿ ಎಣ್ಣೆ ಕಾಯಿಸಿ ಸಾಸಿವೆ ಸಿಡಿಸಿ, ಉದ್ದಿನಬೇಳೆ ಕೆಂಪಾಗಿಸಿ, ಇಂಗು, ಮುರಿದ ಒಣಮೆಣಸಿನಕಾಯಿ, ಕರಿಬೇವು ಹಾಕಿ ಬೆಚ್ಚಗಿನ ಕಾಳಿನ ಮೇಲೆ ಸುರಿಯಿರಿ. ಮೇಲೆ ಅರ್ಧ ಕಪ್ ಹಸಿ ತೆಂಗಿನಕಾಯಿ ತುರಿ. ಎಣ್ಣೆ ಇದರಲ್ಲೇ ಬಂತು, ಬೇರೆ ಬೇಡ. ಇಂಗಿಗೆ ಕೈ ಹಿಡಿಯಬೇಡಿ, ಕಾಳಿಗೂ ಇಂಗಿಗೂ ಒಳ್ಳೆಯ ಹೊಂದಾಣಿಕೆ.

ಎರಡು, ಉತ್ತರ ಕರ್ನಾಟಕದ ಕಡೆಯದು. ಎರಡು ಚಮಚ ಗುರೆಳ್ಳು ಪುಡಿ (ಹಳೇ ಮೈಸೂರು ಕಡೆ ಹುಚ್ಚೆಳ್ಳು ಪುಡಿ ಅನ್ನುತ್ತಾರೆ) ಅಥವಾ ಶೇಂಗಾ ಪುಡಿ, ಸಣ್ಣಗೆ ಹೆಚ್ಚಿದ ಉಳ್ಳಾಗಡ್ಡಿ, ಒಂದು ಹಿಡಿ ಎಳೆ ಮೆಂತ್ಯೆ ಸೊಪ್ಪು, ಶೇಂಗಾ ಎಣ್ಣೆ, ನಿಂಬೆರಸ. ಬೇಕಿದ್ದವರು ಬಡಿಸುವಾಗ ಗಟ್ಟಿ ಮೊಸರು ಹಾಕಿಕೊಳ್ಳಲಿ. ರಾಜ್ಮಾಗಿಂತ ಮಡಕಿಕಾಳು, ಅಲಸಂದೆಗೆ ಇದು ಚೆನ್ನಾಗಿ ಹೊಂದುತ್ತದೆ.

ತರಕಾರಿ ಯಾವಾಗ ಬೀಳಬೇಕು

ಸೌತೆಕಾಯಿ, ಟೊಮೆಟೊ ಕೊನೆಗೆ. ಉಪ್ಪು ತಾಗಿದ ಹತ್ತು ನಿಮಿಷಕ್ಕೆ ಎರಡೂ ನೀರು ಬಿಡುತ್ತವೆ. ಟೊಮೆಟೊದ ಬೀಜ, ತಿರುಳು ತೆಗೆದು ದಪ್ಪ ಭಾಗ ಮಾತ್ರ ಹಾಕಿ. ಸೌತೆಕಾಯಿಯ ತುದಿ ಕಚ್ಚಿ ನೋಡಿಯೇ ಹೆಚ್ಚಿ, ಒಂದು ಕಹಿ ಕಾಯಿ ಇಡೀ ಪಾತ್ರೆ ಕೆಡಿಸುತ್ತದೆ. ಈರುಳ್ಳಿಯನ್ನು ಮಾತ್ರ ಮೊದಲೇ ಹೆಚ್ಚಿ, ನಿಂಬೆರಸದಲ್ಲಿ ಚಿಟಿಕೆ ಉಪ್ಪಿನ ಜೊತೆ ಹತ್ತು ನಿಮಿಷ ಬಿಡಿ. ಖಾರ ಇಳಿಯುತ್ತದೆ, ನಸುಗೆಂಪು ಬಣ್ಣವೂ ಬರುತ್ತದೆ. ಬೀನ್ಸನ್ನೂ ಬಡಿಸುವ ಹೊತ್ತಿಗೆ ಸೇರಿಸಿ, ಹುಳಿಯಲ್ಲಿ ಬಹಳ ಹೊತ್ತು ಇದ್ದರೆ ಅದರ ಹಸಿರು ಮಂಕಾಗುತ್ತದೆ. ಬೇಸಿಗೆಯಲ್ಲಿ ನಿಂಬೆಹಣ್ಣು ತುಟ್ಟಿ ಆದಾಗ ತೋತಾಪುರಿ ಮಾವಿನಕಾಯಿ ತುರಿದು ಹಾಕಿ. ದಾಳಿಂಬೆ ಕಾಳು, ತುರಿದ ಕ್ಯಾರೆಟ್ ನಿಮ್ಮಿಷ್ಟ.

ಒಂದು ಪೂರ್ತಿ ಅಳತೆ, ನಾಲ್ಕು ಜನಕ್ಕೆ

ರಾಜ್ಮಾ, ಕಾಬೂಲಿ ಕಡಲೆ, ಅಲಸಂದೆ ಅರ್ಧರ್ಧ ಕಪ್. ಬೀನ್ಸ್ 100 ಗ್ರಾಂ. ಈರುಳ್ಳಿ, ಸೌತೆಕಾಯಿ, ಗಟ್ಟಿ ಟೊಮೆಟೊ ಒಂದೊಂದು. ಹಸಿಮೆಣಸಿನಕಾಯಿ ಎರಡು, ಶುಂಠಿ ಅರ್ಧ ಇಂಚು, ಕೊತ್ತಂಬರಿ ಸೊಪ್ಪು ಒಂದು ಹಿಡಿ, ಪುದೀನ ಹತ್ತು ಎಲೆ. ರಸದ ನಿಂಬೆಹಣ್ಣು ಎರಡು. ಶೇಂಗಾ ಎಣ್ಣೆ ಎರಡು ದೊಡ್ಡ ಚಮಚ. ಹುರಿದು ಪುಡಿ ಮಾಡಿದ ಜೀರಿಗೆ ಅರ್ಧ ಚಮಚ, ಕಾಳುಮೆಣಸಿನ ಪುಡಿ ಕಾಲು ಚಮಚ, ಬೆಲ್ಲದ ಪುಡಿ ಅರ್ಧ ಚಮಚ, ಉಪ್ಪು.

ರಾತ್ರಿ ಮಲಗುವ ಮುಂಚೆ ರಾಜ್ಮಾ, ಕಡಲೆ ನೆನೆಸಿ. ಬೆಳಗ್ಗೆ ಎದ್ದ ಕೂಡಲೇ ಅಲಸಂದೆ ನೆನೆಸಿ, ಮಧ್ಯಾಹ್ನದ ಊಟಕ್ಕೆ ಸರಿಹೋಗುತ್ತದೆ. ಮೇಲೆ ಹೇಳಿದ ಹಾಗೆ ಮೂರನ್ನೂ ಬೇರೆ ಬೇರೆ ಬೇಯಿಸಿ. ಒಂದೇ ಕುಕ್ಕರ್ ಇದ್ದರೆ ಮೊದಲು ಕಡಲೆ, ಆಮೇಲೆ ರಾಜ್ಮಾ, ಅದೇ ಹೊತ್ತಿನಲ್ಲಿ ಪಕ್ಕದ ಒಲೆಯಲ್ಲಿ ಅಲಸಂದೆ. ಅಗಲವಾದ ಪಾತ್ರೆಯಲ್ಲಿ ಜಜ್ಜಿದ ಶುಂಠಿ, ಹೆಚ್ಚಿದ ಮೆಣಸಿನಕಾಯಿ, ನಿಂಬೆರಸ, ಬೆಲ್ಲ, ಉಪ್ಪು ಸೇರಿಸಿ ಬೆಲ್ಲ ಕರಗುವವರೆಗೆ ಕಲಸಿ. ಎಣ್ಣೆ, ಜೀರಿಗೆ, ಕಾಳುಮೆಣಸು ಹಾಕಿ. ಬಸಿದ ಕಾಳನ್ನು ಬೆಚ್ಚಗಿರುವಾಗಲೇ ಇದಕ್ಕೆ ಹಾಕಿ, ಸೌಟಿನಿಂದ ಕಲಕದೆ ಪಾತ್ರೆಯನ್ನೇ ಎರಡು ಕೈಯಲ್ಲಿ ಹಿಡಿದು ಕುಲುಕಿ. ಅರ್ಧ ಗಂಟೆ ಬಿಡಿ. ನಡುವೆ ಒಂದು ಸಲ ತಳದ ಕಾಳು ಮೇಲೆ ಬರುವ ಹಾಗೆ ಕುಲುಕಿ. ಬಡಿಸುವಾಗ ಈರುಳ್ಳಿ, ಬೀನ್ಸ್, ಸೌತೆಕಾಯಿ, ಟೊಮೆಟೊ, ಸೊಪ್ಪು ಸೇರಿಸಿ ಉಪ್ಪು, ಹುಳಿ ಮತ್ತೊಮ್ಮೆ ನೋಡಿ. ಬಹುಪಾಲು ಇನ್ನೊಂದು ಚಿಟಿಕೆ ಉಪ್ಪು ಬೇಕಾಗುತ್ತದೆ.

ಸಣ್ಣ ಮಕ್ಕಳಿಗೆ ಕೊಡುವಾಗ ಕಡಲೆ, ರಾಜ್ಮಾವನ್ನು ಬೆರಳಿನಿಂದ ಒತ್ತಿ ಚಪ್ಪಟೆ ಮಾಡಿ ಕೊಡಿ. ಇಡಿ ಕಾಳು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು.

ಇಡುವುದು, ಡಬ್ಬಿಗೆ ಹಾಕುವುದು

ತರಕಾರಿ ಹಾಕದ, ಉಪ್ಪು ಹುಳಿ ಬೆರೆಸಿದ ಕಾಳು ಫ್ರಿಜ್‌ನಲ್ಲಿ ಮೂರು ದಿನ ಇರುತ್ತದೆ. ಎರಡನೇ ದಿನ ರುಚಿ ಇನ್ನೂ ಚೆನ್ನಾಗಿರುತ್ತದೆ. ತೆಂಗಿನಕಾಯಿ ತುರಿ ಹಾಕಿದ್ದನ್ನು ಮಾತ್ರ ಅದೇ ದಿನ ಮುಗಿಸಿ. ಬೆಂದ ಕಾಳನ್ನು ಎರಡು ಗಂಟೆಗಿಂತ ಜಾಸ್ತಿ ಹೊರಗೆ ಬಿಡಬೇಡಿ, ನಮ್ಮ ಸೆಕೆಗೆ ಬೇಗ ಹಳಸುತ್ತದೆ. ಆಫೀಸಿಗೆ ಒಯ್ಯುವವರು ಕಾಳನ್ನು ಒಂದು ಡಬ್ಬಿಯಲ್ಲಿ, ಹೆಚ್ಚಿದ ತರಕಾರಿಯನ್ನು ಇನ್ನೊಂದರಲ್ಲಿ ಹಾಕಿ, ಆಫೀಸು ಮುಟ್ಟಿದ ಕೂಡಲೇ ಫ್ರಿಜ್‌ನಲ್ಲಿಡಿ. ಅಲ್ಲಿ ಫ್ರಿಜ್ ಇಲ್ಲದಿದ್ದರೆ ಐಸ್ ಪ್ಯಾಕ್ ಜೊತೆಗಿರಲಿ.

ವಾರದ ಮಧ್ಯೆ ಇಷ್ಟೆಲ್ಲ ಮಾಡಲು ಬಿಡುವಿಲ್ಲ ಅಂದರೆ ಭಾನುವಾರ ಜಾಸ್ತಿ ಕಾಳು ಬೇಯಿಸಿ, ಬಸಿದು, ಆರಿಸಿ, ಬಗೆಬಗೆಯನ್ನು ಬೇರೆ ಪೊಟ್ಟಣ ಮಾಡಿ ಫ್ರೀಜರಿನಲ್ಲಿಡಿ. ಕಡಲೆ, ರಾಜ್ಮಾ ಎರಡು ಮೂರು ತಿಂಗಳು ಹಾಳಾಗುವುದಿಲ್ಲ. ಬೇಕಾದ ದಿನ ಕುದಿಯುವ ನೀರಿಗೆ ಹಾಕಿ ಎರಡು ನಿಮಿಷ ಬಿಟ್ಟು ಬಸಿದರೆ ಮತ್ತೆ ಬೆಚ್ಚಗಿನ ಕಾಳು ಕೈಗೆ ಸಿಗುತ್ತದೆ, ರಸ ಎಳೆದುಕೊಳ್ಳಲು ತಯಾರಾಗಿ. ಅಲಸಂದೆ, ಹೆಸರುಕಾಳನ್ನು ಫ್ರೀಜರಿಗೆ ಹಾಕಬೇಡಿ, ಕರಗುವಾಗ ಮುದ್ದೆಯಾಗುತ್ತವೆ. ಅವನ್ನು ಆಯಾ ದಿನವೇ ಬೇಯಿಸಿಕೊಳ್ಳಿ.